ಆಂಡಾಳಮ್ಮನಿಂದ ಮುಚ್ಚಿಟ್ಟ ಗುರುವಾರ

ನಮ್ಮೂರಿನ ಹಲಗೆಯ ವಿಷಯ ಹೇಳಿದರೆ ಹೊರಗಿನವರು ಮೊದಲು ಕೇಳುವುದು, ಅದನ್ನು ಬರೆಯುವವರು ಯಾರು ಅಂತ. ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲೇಬೇಕೆಂದು ನಮ್ಮ ತಾತನ ಕಾಲದಲ್ಲಿ ಒಬ್ಬರು ಹಟ ಹಿಡಿದಿದ್ದರಂತೆ. ಅವತ್ತು ಬೆಳಿಗ್ಗೆಯೇ ಹಲಗೆಯ ಮೇಲೆ ‘ಗುಂಡಾಭಟ್ಟ ಹಲಗೆ ಕಾಯಲು ಕೂರುವನು, ನೆಗಡಿ ಹಿಡಿಯುವುದು’ ಎಂದು ಬಂದಿತ್ತು. ಹಾಗೆಯೇ ಆಯಿತು. ಅಲ್ಲಿಂದ ಮುಂದೆ ಯಾರೂ ಆ ತಂಟೆಗೆ ಹೋಗಲಿಲ್ಲ.

ಹಲಗೆ ಇರುವುದು ಪೇಟೆಯ ಮೂಲೆಯಲ್ಲಿ, ಹಳೆಯ ತೂಕದ ಮನೆಯ ಗೋಡೆಯ ಮೇಲೆ. ಗುಬ್ಬಚ್ಚಿಗಳು ಏಳುವ ಹೊತ್ತಿಗೆ ಅದರ ಮೇಲೆ ಸೀಮೆಸುಣ್ಣದ ಅಕ್ಷರಗಳು ಮೂಡಿರುತ್ತವೆ. ಅವತ್ತು ಊರಿನಲ್ಲಿ ಏನೇನು ನಡೆಯುತ್ತದೋ ಅಷ್ಟೂ ಅಲ್ಲಿರುತ್ತದೆ. ಯಾರ ಮನೆಗೆ ನೆಂಟರು ಬರುತ್ತಾರೆ, ಯಾರ ಹಲ್ಲು ಬೀಳುತ್ತದೆ, ಯಾರ ಮನೆಯ ಹಾಲು ಉಕ್ಕುತ್ತದೆ ಎಲ್ಲವೂ. ಹೊತ್ತು ಮಾತ್ರ ಬರೆದಿರುವುದಿಲ್ಲ. ಹೀಗಾಗಿ ಹಾಲು ಉಕ್ಕುತ್ತದೆ ಎಂದು ಹೆಸರು ಬಂದವರು ಬೆಳಿಗ್ಗೆಯಿಂದ ಒಲೆಯ ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿರುತ್ತಾರೆ, ಒಂದು ಸಲ ಸೀನುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ನನ್ನನ್ನು ನೋಡಲು ನಾಲ್ಕು ಸಲ ಗಂಡಿನ ಕಡೆಯವರು ಬಂದರು. ನಾಲ್ಕು ಸಲವೂ ಹಲಗೆ ‘ವಿಮಲಾಕ್ಷಿಯನ್ನು ನೋಡಲು ಬರುವರು, ಒಪ್ಪುವುದಿಲ್ಲ’ ಎಂದು ಮೊದಲೇ ಹೇಳಿಬಿಟ್ಟಿತ್ತು. ನಾಲ್ಕನೇ ಸಲ ಅಮ್ಮ ಉಪ್ಪಿಟ್ಟನ್ನೂ ಮಾಡಲಿಲ್ಲ. ಬಂದವರೂ ತಿಂದುಕೊಂಡೇ ಬಂದಿದ್ದರು. ಒಪ್ಪದಿದ್ದ ಮೇಲೆ ಯಾಕೆ ಬಂದಿರಿ ಎಂದು ಅಪ್ಪ ಕೇಳಿದ್ದಕ್ಕೆ, ಬರುತ್ತೇವೆ ಅಂತಲೂ ಬರೆದಿತ್ತಲ್ಲ ಸ್ವಾಮಿ ಎಂದರು.

ಇಂಥ ಊರಿನಲ್ಲಿ ಜನ ಯಾತಕ್ಕೆ ಹಂಬಲಿಸುತ್ತಾರೆ ಎಂದು ನಮ್ಮಪ್ಪನಿಗೆ ಚೆನ್ನಾಗಿ ತಿಳಿದಿತ್ತು. ಅವರು ತೆರೆದದ್ದು ಕುತೂಹಲ ವಾಚನಾಲಯ. ಅಲ್ಲಿ ಪತ್ತೇದಾರಿ ಮತ್ತು ರೋಮಾಂಚಕ ಕಾದಂಬರಿ ಬಿಟ್ಟು ಬೇರೆ ಒಂದು ಪುಸ್ತಕವೂ ಇಲ್ಲ. ಅಪ್ಪ ಅವನ್ನು ನಾಲ್ಕು ಕಪಾಟುಗಳಲ್ಲಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ಪ್ರಶ್ನೆ ಬರೆದು ಅಂಟಿಸಿದ್ದರು. ‘ಯಾರು?’ ಎಂಬ ಕಪಾಟಿನಲ್ಲಿ ಬಂಗಲೆಯೊಳಗೆ ಒಂದು ಹೆಣ, ಏಳು ಜನ ಅತಿಥಿಗಳು, ಒಬ್ಬ ಅಡುಗೆಯವನು, ಇವರಲ್ಲಿ ಕೊಂದವರು ಯಾರು ಎನ್ನುವ ಪುಸ್ತಕಗಳು. ‘ಹೇಗೆ?’ ಕಪಾಟಿನಲ್ಲಿ ಗೂಢಚಾರರು, ಕನ್ನಗಳ್ಳರು, ಒಳಗಿನಿಂದ ಚಿಲಕ ಹಾಕಿದ ಕೋಣೆಗಳು. ‘ಯಾಕೆ?’ ಕಪಾಟಿನಲ್ಲಿ ಕೊಲೆಗಾರ ಮೊದಲೇ ಸಿಕ್ಕಿಬಿದ್ದಿರುತ್ತಾನೆ, ಕೋರ್ಟಿನಲ್ಲಿ ನಿಂತು ಅವನು ತನ್ನ ಸಂಕಟ ತೋಡಿಕೊಳ್ಳುವುದೇ ಮುನ್ನೂರು ಪುಟ. ಕೊನೆಯದು ‘ಯಾವಾಗ?’. ಅದರಲ್ಲಿ ಅಪಾಯ ಏನೆಂದು ಮೊದಲ ಪುಟದಲ್ಲೇ ಹೇಳಿಬಿಡುತ್ತಾರೆ. ಅದು ಬಂದು ಎರಗುವುದನ್ನು ಕಾಯುತ್ತ ಕೂರುವುದಷ್ಟೇ ಓದುಗರ ಕೆಲಸ. ಈ ಕಪಾಟಿನ ಪುಸ್ತಕ ಯಾರೂ ಮುಟ್ಟುತ್ತಿರಲಿಲ್ಲ. ಮುಂದಾಗುವುದನ್ನು ಮೊದಲೇ ತಿಳಿದುಕೊಂಡು ಕಾಯುವುದನ್ನು ನಾವು ದಿನಾ ಮಾಡುತ್ತೇವೆ, ಅದಕ್ಕೆ ಪುಸ್ತಕ ಬೇರೆ ಯಾಕೆ ಎನ್ನುತ್ತಿದ್ದರು.

ವಾಚನಾಲಯಕ್ಕೆ ಇರುವುದು ಒಂದೇ ಕಾನೂನು. ಓದಿದವರು ಓದದವರಿಗೆ ಕೊನೆ ಹೇಳಬಾರದು. ಒಮ್ಮೆ ನಮ್ಮ ಪೋಸ್ಟ್‌ಮಾಸ್ಟರು ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು, ಪಾಯಸದ ಖುಷಿಯಲ್ಲಿ, ಆ ಪುಸ್ತಕದ ಕೊಲೆ ಮಾಡಿದ್ದು ಅವಳಿ ತಮ್ಮ ಕಣ್ರೀ ಎಂದುಬಿಟ್ಟರು. ಇಡೀ ಪಂಕ್ತಿ ಎಲೆ ಬಿಟ್ಟು ಎದ್ದಿತು. ಆರು ತಿಂಗಳು ಅವರಿಗೆ ಊರಿನಲ್ಲಿ ಯಾರೂ ಅಡುಗೆ ಪುಸ್ತಕ ಬಿಟ್ಟು ಬೇರೇನೂ ಓದಲು ಕೊಡಲಿಲ್ಲ. ಅವರು ಸೊರಗಿ ಅರ್ಧವಾದರು, ಆದರೆ ಹುಳಿಯನ್ನು ಬಹಳ ಚೆನ್ನಾಗಿ ಮಾಡುವುದು ಕಲಿತರು.

ಅಪ್ಪ ಹೋದ ಮೇಲೆ ವಾಚನಾಲಯ ನನ್ನ ಕೈಗೆ ಬಂತು. ನನ್ನ ಮೊದಲ ಓದುಗರು, ಕಡೆಯವರೆಗೂ ಒಂದು ದಿನ ತಪ್ಪಿಸದೆ ಬಂದವರು, ಎದುರು ಮನೆಯ ಆಂಡಾಳಮ್ಮ. ಅವರು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಊರಿನವರ ಮಾತನ್ನೆಲ್ಲ ಅರ್ಧರ್ಧ ಕೇಳಿಸಿಕೊಂಡು, ರಸವತ್ತಾದ ಕಡೆ ಕಿವಿಯಿಂದ ಫೋನು ತೆಗೆಯಬೇಕಾಗಿ ಬಂದು, ಆ ಮಿಕ್ಕ ಅರ್ಧದ ಹಸಿವೇ ಅವರನ್ನು ಕಾದಂಬರಿಗೆ ಹಚ್ಚಿತ್ತು. ಅವರದು ‘ಯಾರು?’ ಕಪಾಟು. ಅದನ್ನು ಮೂರು ಸುತ್ತು ಓದಿ ಮುಗಿಸಿದ್ದರೂ ಒಂದು ಸಲವೂ ಕೊಲೆಗಾರ ಯಾರೆಂದು ಸರಿಯಾಗಿ ಊಹಿಸಿದವರಲ್ಲ. ಪುಸ್ತಕದಲ್ಲಿ ಡಾಕ್ಟರು ಕಂಡರೆ ಸಾಕು, ಅವನೇ ಎನ್ನುತ್ತಿದ್ದರು. ಮೂರನೇ ಸುತ್ತಿನಲ್ಲೂ ಹಾಗೇ ಅಂದರು. ನನಗೆ ಅಮ್ಮನಿಗಿಂತ ಹೆಚ್ಚು ಬೈದವರು ಅವರು, ನಾನು ಹೆಚ್ಚು ಪ್ರೀತಿಸಿದ್ದೂ ಅವರನ್ನೇ.

ಹಲಗೆ ಸಾವನ್ನೂ ಹೇಳುತ್ತದೆ. ಅದಕ್ಕೆ ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ. ಹೆಸರು ಬಂದವರು ಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು ಜಗಲಿಯ ಮೇಲೆ ಕೂರಬೇಕು. ಊರೆಲ್ಲ ತಿಂಡಿಯ ಹೊತ್ತಿಗೆ ಬಂದು, ಹಾರ ಹಾಕಿ, ಹಳೆಯ ಜಗಳಗಳಿಗೆ ಕ್ಷಮೆ ಕೇಳಿ, ಎಂದೋ ಈಸಿಕೊಂಡು ಹೋದ ಪಾತ್ರೆಪಡಗ ವಾಪಸು ಕೊಟ್ಟು ಹೋಗುತ್ತದೆ. ಒಂದು ಸಲ ಎಣ್ಣೆ ಗಾಣದ ಹೊನ್ನಯ್ಯನವರ ಹೆಸರು ಬಂತು. ಹತ್ತು ಗಂಟೆಗೆಲ್ಲ ಹಾರ, ಅಳು, ಕ್ಷಮೆ ಎಲ್ಲ ಮುಗಿಯಿತು. ಹೊನ್ನಯ್ಯನವರು ಮಾತ್ರ ಗಟ್ಟಿಯಾಗಿ ಕೂತಿದ್ದರು. ಹನ್ನೊಂದಾಯಿತು, ಮಧ್ಯಾಹ್ನವಾಯಿತು. ಆಡಬೇಕಾದ ಮಾತೆಲ್ಲ ಆಡಿ ಆಗಿತ್ತು, ಎದ್ದು ಹೋದರೆ ಚೆನ್ನಾಗಿರುವುದಿಲ್ಲ. ಕೊನೆಗೆ ಯಾರೋ ಇಸ್ಪೀಟು ತಂದರು. ಅವರು ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಹೋದರು, ಅಷ್ಟರಲ್ಲಿ ಅರ್ಧ ಜನ ಆಕಳಿಸುತ್ತಿದ್ದರು.

ಅವತ್ತು ಆಂಡಾಳಮ್ಮ ಅಲ್ಲಿಂದ ನೇರ ವಾಚನಾಲಯಕ್ಕೆ ಬಂದು ಮೇಜು ಗುದ್ದಿದರು. “ನೋಡೇ ವಿಮ್ಲಿ, ಹೊನ್ನಯ್ಯ ಬೆಳಿಗ್ಗೆ ಏಳು ಗಂಟೇಗೇ ಸತ್ತ್ಹೋದ. ಉಸಿರು ನಿಂತಿದ್ದು ಮಾತ್ರ ಸಾಯಂಕಾಲ. ನಂಗೆ ಹಾಗಾಗ್ಬಾರ್ದು. ನನ್ನ ಕೊನೇ ಪುಟಾನ ಯಾರೂ ಮೊದ್ಲೇ ಓದಿ ಹೇಳ್ಬಾರ್ದು. ನಿನ್ನ ವಾಚನಾಲಯದ ಕಾನೂನು ನಂಗೂ ಅನ್ವಯಿಸುತ್ತೆ ಅಂತ ಬರ್ಕೋ.”

ನಾನು ಬರೆದುಕೊಂಡೆ, ಸದಸ್ಯರೆಲ್ಲರ ಕೈಯಲ್ಲಿ ರುಜು ಹಾಕಿಸಿದೆ. ಸದಸ್ಯರು ಎಂದರೆ ಊರೇ. ಅಂದಿನಿಂದ ಆಂಡಾಳಮ್ಮ ಪೇಟೆಗೆ ಹೋಗುವಾಗ ಬಿಸಿಲಿರಲಿ ಇಲ್ಲದಿರಲಿ, ಹಲಗೆಯ ಪಕ್ಕಕ್ಕೆ ಛತ್ರಿ ಅಡ್ಡ ಹಿಡಿದು ನಡೆಯುತ್ತಿದ್ದರು.

ಎರಡು ವರ್ಷವಾದ ಮೇಲೆ, ಒಂದು ಗುರುವಾರ ಬೆಳಿಗ್ಗೆ ನಾನು ಹಲಗೆ ನೋಡಲು ಹೋದಾಗ ಮೊದಲ ಸಾಲಿನಲ್ಲಿ ‘ಕೆಂಚಮ್ಮನ ಎಮ್ಮೆ ಒದೆಯುವುದು’ ಎಂದಿತ್ತು. ಮೂರನೆಯದು ‘ದರ್ಜಿ ದಸ್ತಗೀರನ ಕತ್ತರಿ ಸಿಗುವುದು’. ನಡುವೆ, ಅದೇ ಅಕ್ಷರದಲ್ಲಿ, ‘ಆಂಡಾಳಮ್ಮ ಹೋಗುವರು.’ ಎಮ್ಮೆಗೂ ಕತ್ತರಿಗೂ ನಡುವೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಅಳುವುದಕ್ಕೂ ಕಾಂಪೌಂಡರ್ ಮರುಳಸಿದ್ದಪ್ಪನವರು ಬಿಡಲಿಲ್ಲ. ಅವರು ಆಸ್ಪತ್ರೆಯಲ್ಲಿ ಔಷಧಿ ಬೆರೆಸಿಕೊಡುವವರಾದರೂ ‘ಹೇಗೆ?’ ಕಪಾಟಿನ ಗೂಢಚಾರ ಕಾದಂಬರಿ ಓದಿ ಓದಿ, ಜ್ವರದ ಔಷಧಿಯ ಚೀಟಿಯನ್ನೂ ಅತ್ತಿತ್ತ ನೋಡಿಯೇ ಕೈಗಿಡುತ್ತಿದ್ದರು. ಹಾಲಿನ ಕೆಂಚಮ್ಮ, ದರ್ಜಿ ದಸ್ತಗೀರ್ ಸಾಹೇಬರು, ಇನ್ನೂ ಮೂವತ್ತು ನಲವತ್ತು ಜನ ಆಗಲೇ ಸೇರಿದ್ದರು.

“ಯಾರೂ ಕಣ್ಣೀರು ಹಾಕ್ಕೂಡ್ದು,” ಎಂದು ಮರುಳಸಿದ್ದಪ್ಪ ಪಿಸುಗುಟ್ಟಿದರು. ಆಂಡಾಳಮ್ಮನ ಮನೆ ಅಲ್ಲಿಂದ ಎರಡು ಬೀದಿ ದೂರ. “ಹಾರ ಇಲ್ಲ, ಕ್ಷಮೆ ಇಲ್ಲ. ಪಾತ್ರೆ ವಾಪಸ್ ಕೊಡೋ ಹಾಗೇ ಇಲ್ಲ. ದಿನಾ ಹೇಗಿರ್ತೀರೋ ಹಾಗೇ ಇರ್ಬೇಕು. ನಾನು ಅವರ ಮನೆ ಎದುರಿನ ನುಗ್ಗೆ ಮರದ ಹಿಂದೆ ಇರ್ತೀನಿ. ಅಪಾಯ ಕಂಡ್ರೆ ಎರಡು ಸಲ ಕೆಮ್ತೀನಿ.”

“ಮೂರು ಸಲ ಕೆಮ್ಮಿದ್ರೆ ಏನ್ರಣ್ಣ?” ಎಂದಳು ಕೆಂಚಮ್ಮ.

“ಮೂರು ಸಲ ಕೆಮ್ಮಿದ್ರೆ ನಿಜವಾದ ಕೆಮ್ಮು.”

ಕೆಂಚಮ್ಮನಿಗೆ ಕಪಾಟು ಯಾವುದಾದರೂ ಸರಿ, ಪುಸ್ತಕದಲ್ಲಿ ಒಂದು ದೆವ್ವ ಇರಬೇಕು. ಅವಳು ಸೆರಗಿನಿಂದ ಮೂಗೊರೆಸಿಕೊಂಡು, “ಅಜ್ಜಮ್ಮ ಓಗ್ಬುಟ್ಟು ದೆವ್ವಾಗಿ ಬಂದ್ರೆ ನಂಗೇನೂ ಬ್ಯಾಸ್ರಿಲ್ಲ ಕಣವ್ವ, ಆಲು ಆಕ್ತೀನಿ,” ಎಂದು ನನಗೆ ಸಮಾಧಾನ ಹೇಳಿದಳು. ‘ಯಾಕೆ?’ ಕಪಾಟಿನ ಓದುಗರಾದ ದಸ್ತಗೀರ್ ಸಾಹೇಬರು ಪುಸ್ತಕದ ಕೊಲೆಗಾರರಿಗೂ ಅಳುವವರು. ಅವರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ನಮ್ಮೂರಿನವರು ಗುಟ್ಟು ಕಾಪಾಡುವುದರಲ್ಲಿ ನುರಿತವರು ಎಂದು ನಾನು ನಂಬಿದ್ದೆ. ಪೋಸ್ಟ್‌ಮಾಸ್ಟರನ್ನು ಬಿಟ್ಟರೆ, ಇಪ್ಪತ್ತು ವರ್ಷದಲ್ಲಿ ಒಂದು ಕಾದಂಬರಿಯ ಕೊನೆಯನ್ನೂ ಬಾಯಿ ಬಿಡದ ಜನ. ಆದರೆ ಅದು ಬಾಯಿಯ ಗುಟ್ಟು. ದಿನದ ಹಾಗೆ ಇರಿ ಎಂದರೆ ಹೇಗಿರಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ದಿನಾ ಹಲಗೆ ನೋಡಿ ಹಾಗೆ ನಡೆದವರು, ಹಲಗೆ ನೋಡಿಯೂ ನೋಡದವರ ಹಾಗೆ ಇರುವುದನ್ನು ಒಂದು ದಿನವೂ ಮಾಡಿದವರಲ್ಲ.

ನಾನು ವಾಚನಾಲಯದ ಬಾಗಿಲು ತೆರೆದು ಎದುರು ಮನೆ ನೋಡುತ್ತ ಕೂತೆ. ಆಂಡಾಳಮ್ಮ ಎಂದಿನಂತೆ ಜಗಲಿಯ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಎಮ್ಮೆಯಿಂದ ಒದೆಸಿಕೊಂಡ ಕೆಂಚಮ್ಮ ಕುಂಟುತ್ತ ಬಂದು ಹಾಲು ಹಾಕಿ ಹೋಗಿದ್ದಳು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಜನ ಬರತೊಡಗಿದರು. ಎಲ್ಲರೂ ಏನೋ ಕೆಲಸದ ಮೇಲೆ ಬಂದವರ ಹಾಗೆ. ಒಬ್ಬರು ಕರಿಬೇವು ಕೇಳಿದರು. ಇನ್ನೊಬ್ಬರೂ ಕರಿಬೇವೇ ಕೇಳಿದರು. ಹತ್ತು ಗಂಟೆಯ ಹೊತ್ತಿಗೆ ಆಂಡಾಳಮ್ಮನ ಅಂಗಳದ ಗಿಡದಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಪೋಸ್ಟ್‌ಮಾಸ್ಟರು ಬಂದು, ಗಂಟೆ ಎಷ್ಟು ಎಂದು ಕೇಳಿದರು. ಅವರ ಕೈಯಲ್ಲೇ ಗಡಿಯಾರವಿತ್ತು. ನುಗ್ಗೆ ಮರದ ಹಿಂದೆ ಮರುಳಸಿದ್ದಪ್ಪನವರು ಪತ್ರಿಕೆ ಹಿಡಿದು ನಿಂತು, ಒಬ್ಬೊಬ್ಬರು ಬಂದಾಗಲೂ ಎರಡು ಸಲ ಕೆಮ್ಮುತ್ತಿದ್ದರು. ಆಂಡಾಳಮ್ಮ ಒಳಗೆ ಹೋಗಿ ಶುಂಠಿ ಕಷಾಯ ತಂದು ಅವರ ಕೈಗಿಟ್ಟು ಬಂದರು.

ದಸ್ತಗೀರ್ ಸಾಹೇಬರು ಬಂದಾಗ ನಾನು ಪೊರಕೆ ಹಿಡಿದೇ ಹೊಸ್ತಿಲಿಗೆ ಬಂದೆ. ಅವರ ಬಗಲಲ್ಲಿ ಒಂದು ಪೊಟ್ಟಣವಿತ್ತು. ಆಂಡಾಳಮ್ಮ ಒಂಬತ್ತು ವರ್ಷದ ಹಿಂದೆ ಹೊಲಿಯಲು ಕೊಟ್ಟಿದ್ದ ಹಸಿರು ರವಿಕೆ. ಒಂಬತ್ತು ವರ್ಷವೂ ಅವರು ‘ನಾಳೆ ಕೊಡ್ತೀನಮ್ಮಾ’ ಎಂದೇ ಹೇಳಿಕೊಂಡು ಬಂದಿದ್ದರು. ಅವತ್ತು ಕತ್ತರಿ ಸಿಕ್ಕಿದ್ದೇ ತಡ, ಕೂತು ಹೊಲಿದುಬಿಟ್ಟಿದ್ದರು.

“ಏನ್ ಸಾಹೇಬ್ರೆ, ಇವತ್ತೇ ಕೊಡ್ತಿದ್ದೀರಿ?” ಎಂದರು ಆಂಡಾಳಮ್ಮ.

“ನಾಳೆ ಅಂಗಡಿ... ನಾಳೆ...” ಸಾಹೇಬರು ಟೋಪಿ ಸರಿಮಾಡಿಕೊಂಡರು. “ನಾಳೆ ಅನ್ನೋದು ಬ್ಯಾಡ ಅಂತ, ಅಮ್ಮಾ,” ಎಂದು ಹೇಳಿ, ಪೊಟ್ಟಣ ಅವರ ತೊಡೆಯ ಮೇಲಿಟ್ಟು ಓಡಿಹೋದರು. ನುಗ್ಗೆ ಮರ ಎರಡು ಸಲ ಕೆಮ್ಮಿತು.

ಆಂಡಾಳಮ್ಮ ಬೀದಿಯ ಆಚೆಯಿಂದಲೇ ನನ್ನನ್ನು ನೋಡಿದರು. “ವಿಮ್ಲೀ, ಇಲ್ಲಿ ಬಾರೆ. ಬಂದು ಬಾಗ್ಲು ಮುಂದಕ್ಕೆ ಮಾಡು.”

ನಾನು ಹೋದೆ. ಒಳಗೆ ಅವರು ನನ್ನನ್ನು ಮಣೆಯ ಮೇಲೆ ಕೂರಿಸಿ, ತಾವು ನಿಂತೇ ಇದ್ದರು, ಕಾದಂಬರಿಗಳ ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ನಿಲ್ಲುವಂತೆ. “ಒಂದು. ಇವತ್ತು ಕೆಂಚಿ ಹಾಕಿದ ಹಾಲಿಗೆ ನೀರಿರ್ಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ್ನೇ ಸಲ. ಎರಡು. ಆ ಕಾಂಪೌಂಡರ್ರು ಪೇಪರ್ ತಲೆಕೆಳಗಾಗಿ ಹಿಡ್ಕೊಂಡು ಓದ್ತಿದಾನೆ. ಮೂರು, ರವಿಕೆ. ನಾಲ್ಕು, ನೀನು. ಬೆಳಿಗ್ಗೆಯಿಂದ ನಾಲ್ಕು ಸಲ ಕಸ ಗುಡಿಸಿದೀಯ, ನಿನ್ನ ಸೋಂಬೇರಿತನ ನಂಗೊತ್ತಿಲ್ವೇನೆ?” ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಹಲಗೇಲಿ ನನ್ನ ಹೆಸರು ಬಂದಿದೆ. ಇವತ್ತು.”

ನಾನು ಇಲ್ಲ ಎನ್ನಬೇಕಿತ್ತು. ಕಾನೂನಿನ ಕೆಳಗೆ ಮೊದಲ ರುಜು ನನ್ನದೇ. ಬಾಯಿ ತೆರೆದರೆ ಅಳು ಬಂತು. ಇಡೀ ಊರು ಸೇರಿ ಅವರಿಗಾಗಿ ಒಂದೇ ಒಂದು ಕೆಲಸ ಮಾಡಬೇಕಿತ್ತು, ಅದನ್ನೂ ಹಾಳುಮಾಡಿದೆವು. “ತಪ್ಪಾಯ್ತಮ್ಮ,” ಎಂದೆ. “ನಿಮ್ಗೆ ಗೊತ್ತಾಗ್ಬಾರ್ದಿತ್ತು.”

“ಅಯ್ಯೋ ಹುಚ್ಚಿ, ಅಳ್ಬೇಡ. ನನ್ನ ಜನ್ಮದಲ್ಲಿ ಒಂದೇ ಒಂದನ್ನ ಸರಿಯಾಗಿ ಕಂಡುಹಿಡ್ದಿದೀನಿ, ಅದಕ್ಕೂ ಅಳ್ತೀಯಲ್ಲ!” ಅವರು ನಗುತ್ತಲೇ ನನ್ನ ಪಕ್ಕ ಕೂತರು. “ಎಂಟು ಗಂಟೇಗೇ ಗೊತ್ತಾಯ್ತು ಕಣೆ, ಹಾಲು ಕಾಯ್ಸಿದ ತಕ್ಷಣ. ಕೈಕಾಲು ತಣ್ಣಗಾಯ್ತು, ಸುಳ್ಳು ಹೇಳಲ್ಲ. ಆಮೇಲೆ ಕಾಫಿ ಬೆರೆಸ್ಕೊಂಡು ಬಾಯಿಗಿಟ್ಟೆ. ಮುಗಿಸ್ತೀನೋ ಇಲ್ವೋ ಅನ್ನಿಸ್ತು. ಒಂದು ಗುಟುಕು ಕುಡ್ದೆ, ಇದ್ದೆ. ಇನ್ನೊಂದು ಗುಟುಕು, ಇನ್ನೂ ಇದ್ದೆ! ಎಂಥಾ ಕಾಫಿ ಅಂತೀಯ, ಎಂಬತ್ತೆರಡು ವರ್ಷದಲ್ಲಿ ಅಂಥಾದ್ದು ಕುಡ್ದಿಲ್ಲ. ಹಲಗೆ ದಿನ ಹೇಳುತ್ತೆ, ಹೊತ್ತು ಹೇಳುತ್ತೇನು? ಒಂದೊಂದು ಸಲ ಆ ಕರಿಬೇವಿನವರು ಬಂದಾಗ್ಲೂ ಯೋಚ್ನೆ, ಈ ಕಡ್ಡಿ ಮುರಿಯೋಷ್ಟರಲ್ಲೋ, ಮುಂದಿನ್ದು ಮುರಿಯೋಷ್ಟರಲ್ಲೋ ಅಂತ. ರೋಮಾಂಚನ ಆಗ್ತಿದೆ ನೋಡು.” ಅವರು ತೋಳು ಚಾಚಿ ತೋರಿಸಿದರು. ನಿಜವಾಗಿಯೂ ಕೂದಲು ನಿಮಿರಿತ್ತು.

“ಹೊನ್ನಯ್ಯನವರಿಗೆ ಹಾಗನ್ನಿಸ್ಲಿಲ್ವಲ್ಲ,” ಎಂದೆ.

“ಅವನು ಪಾಪ ಒಂದು ಪುಸ್ತಕಾನೂ ಓದ್ದೋನಲ್ಲ. ಕೊನೆ ಗೊತ್ತಾಯ್ತು ಅಂತ ಪುಸ್ತಕ ಮುಚ್ಚಿಟ್ಟು ಕೂತ. ನಾನೂ ಅವನ ಹಾಗೇ ಹೆದರ್ಕೊಂಡು ಎರಡು ವರ್ಷ ಛತ್ರಿ ಹಿಡ್ದೆ, ದಡ್ಡಿ.” ಅವರು ನನ್ನ ಕೈ ಹಿಸುಕಿದರು. “ಆ ನಾಲ್ಕನೇ ಕಪಾಟಿದೆಯಲ್ಲ, ಯಾರೂ ಮುಟ್ಟದ್ದು. ನಿಮ್ಮಪ್ಪ ಬಡ್ಕೋತಿದ್ರು, ಅದರಷ್ಟು ಮಜಾ ಬೇರೆ ಯಾವುದ್ರಲ್ಲೂ ಇಲ್ಲ ಆಂಡಾಳಮ್ಮ ಅಂತ. ನಾನು ಕಿವೀಗೇ ಹಾಕ್ಕೊಳ್ಲಿಲ್ಲ. ಅದರಿಂದ ಒಂದು ತಗೊಂಡು ಬಾ. ದಪ್ಪದ್ದು ಬೇಡ, ತೆಳ್ಳಗಿರ್ಲಿ.”

ನಾನು ಬೀದಿ ದಾಟಿ ಓಡಿದೆ. ನುಗ್ಗೆ ಮರದ ಬಳಿ ಇಡೀ ಊರು ನಿಂತಿತ್ತು. “ಗೊತ್ತಾಗ್ಬಿಟ್ಟಿದೆ,” ಎಂದೆ. ಮರುಳಸಿದ್ದಪ್ಪನವರು ಪತ್ರಿಕೆ ಕೆಳಗೆ ಹಾಕಿ ತಲೆಯ ಮೇಲೆ ಕೈಹೊತ್ತು ಕೂತರು. ಕೆಂಚಮ್ಮ, “ನಾನೇನ್ ಏಳ್ಳಿಲ್ಲ ಕಣವ್ವೋ, ಆಲು ಏಳ್ಬುಡ್ತು,” ಎಂದು ಗೋಳಾಡಿದಳು. ಸಮಾಧಾನ ಮಾಡಲು ಪುರಸೊತ್ತಿರಲಿಲ್ಲ. ನಾಲ್ಕನೇ ಕಪಾಟಿನ ಧೂಳು ಕೊಡವಿ, ಕೈಗೆ ಸಿಕ್ಕ ತೆಳ್ಳನೆಯ ಪುಸ್ತಕ ತಂದೆ. ಅದರ ಹೆಸರು ‘ಆರನೇ ಕಮಾನು’.

ಕಥೆ ಇಷ್ಟೇ. ಒಂದು ನದಿ, ಅದರ ಮೇಲೆ ಏಳು ಕಮಾನಿನ ರೈಲು ಸೇತುವೆ. ಆರನೇ ಕಮಾನು ಬಿರುಕು ಬಿಟ್ಟಿದೆ ಎಂದು ಮೊದಲ ಪುಟದಲ್ಲೇ ಓದುಗರಿಗೆ ತಿಳಿಯುತ್ತದೆ. ಗೇಟು ಕಾಯುವವನಿಗೂ ತಿಳಿಯುತ್ತದೆ. ಆಚೆಯ ಸ್ಟೇಷನ್ನಿನಿಂದ ಮದುವೆಯ ದಿಬ್ಬಣ ತುಂಬಿಕೊಂಡ ರೈಲು ಹೊರಟಾಗಿದೆ. ಗೇಟಿನವನು ಫೋನ್ ಮಾಡುತ್ತಾನೆ, ತಂತಿ ತುಂಡಾಗಿದೆ. ಹಾಗಾಗಿ ಹಳಿಯ ಮೇಲೆ ಓಡತೊಡಗುತ್ತಾನೆ.

ಆಂಡಾಳಮ್ಮ ಹಸಿರು ರವಿಕೆ ತೊಟ್ಟು ಬಂದು, ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದರು. “ಅಳತೆ ಸರಿಯಾಗೇ ಇದೆ,” ಎಂದರು ಆಶ್ಚರ್ಯದಿಂದ. “ಹ್ಞೂಂ, ಓದು.”

ಓದಿದೆ. ಮೊದಮೊದಲು ನನ್ನ ಕಣ್ಣು ಪುಸ್ತಕದಲ್ಲಿ ಅರ್ಧ, ಅವರ ಮುಖದ ಮೇಲೆ ಅರ್ಧ ಇತ್ತು. ಅವರು ಬಿಡಲಿಲ್ಲ, “ನನ್ನೇನ್ ನೋಡ್ತೀಯೆ, ರೈಲು ನೋಡು,” ಎಂದು ಗದರಿದರು. ಗೇಟಿನವನು ತುಂಡಾದ ತಂತಿಯ ಫೋನಿನಲ್ಲಿ ಗಂಟೆ ಬಾರಿಸುವುದನ್ನು ಕೇಳಿದ ಎಂಬಲ್ಲಿ ನನ್ನನ್ನು ತಡೆದರು. “ಸುಳ್ಳು! ಲೈನ್ ಕಟ್ಟಾದ್ಮೇಲೆ ಎಲ್ಲಿ ಬರುತ್ತೆ ಗಂಟೆ? ಬರೆದೋನು ಒಂದು ದಿನಾನೂ ಎಕ್ಸ್‌ಚೇಂಜಿನ ಮೆಟ್ಲು ಹತ್ತಿಲ್ಲ. ಇರ್ಲಿ, ಆಮೇಲೆ?”

ರೈಲಿನಲ್ಲಿ ಮದುಮಗಳು ಕಿಟಕಿಯಿಂದ ನದಿ ನೋಡಲು ಎದ್ದಳು. “ಆಮೇಲೆ?” ಓಡುತ್ತಿದ್ದವನ ಚಪ್ಪಲಿ ಕಿತ್ತುಹೋಯಿತು. “ಬಿಸಾಕೋ ಅದನ್ನ! ಆಮೇಲೆ?” ಹನ್ನೆರಡಾಯಿತು, ಒಂದಾಯಿತು. ಊಟಕ್ಕೆ ಏಳೋಣವೇ ಎಂದರೆ ಕೇಳಲಿಲ್ಲ, ಮೊಸರನ್ನವನ್ನು ಕೈಯಲ್ಲೇ ಹಿಡಿದು ತಿಂದರು. ಪ್ರತಿ ತುತ್ತಿಗೂ ಒಂದು ಸಲ ನಿಂತು, ಇನ್ನೂ ಇದ್ದೀನಿ ಎನ್ನುವಂತೆ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು. ನಾನೂ ನಗತೊಡಗಿದ್ದೆ. ಅಂಥ ದಿನ ನಗು ಬಂತಲ್ಲ ಎಂದು ಈಗಲೂ ನನಗೆ ಸೋಜಿಗ.

ಹೊರಗೆ ಕಿಟಕಿಯ ಕೆಳಗೆ ಏನೋ ಸರಸರ ಸದ್ದಾಗುತ್ತಿತ್ತು. ಊರಿನವರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಮದುವೆ ದಿಬ್ಬಣದವರು ರೈಲಿನಲ್ಲಿ ಚಿರೋಟಿ ಹಂಚುವಾಗ ಯಾರೋ, “ಅಯ್ಯೋ, ತಿನ್ನೋಕೆ ಇದೇನಾ ಹೊತ್ತು!” ಎಂದರು. ಯಾರೋ ಅವರಿಗೆ ಶ್ ಎಂದರು. ಆಂಡಾಳಮ್ಮ ಅದನ್ನು ಕೇಳಿ ನನಗೆ ಕಣ್ಣು ಮಿಟುಕಿಸಿದರು.

ನಾಲ್ಕು ಗಂಟೆಯ ಹೊತ್ತಿಗೆ ಎಂಟೋ ಒಂಬತ್ತೋ ಪುಟ ಉಳಿದಿದ್ದವು. ರೈಲು ಸೇತುವೆಯನ್ನು ಏರಿತ್ತು. ಗೇಟಿನವನು ಸೇತುವೆಯ ಈಚೆ ಬದಿಯಲ್ಲಿ ತನ್ನ ಕೆಂಪು ರುಮಾಲು ಬಿಚ್ಚಿ ಬೀಸುತ್ತ ಕೂಗುತ್ತಿದ್ದ, ಗಾಳಿ ಅವನ ಕಡೆಗೇ ಬೀಸುತ್ತಿತ್ತು. ಮೊದಲ ಕಮಾನು ದಾಟಿತು. “ಆಮೇಲೆ?” ಎರಡು, ಮೂರು ದಾಟಿತು. “ಆಮೇಲೆ?” ಎಂದರು ಆಂಡಾಳಮ್ಮ, ದಿಂಬು ಬಿಟ್ಟು ಮುಂದಕ್ಕೆ ಬಾಗಿ. ಡ್ರೈವರ್ ಬೀಡಿ ಹಚ್ಚಲು ತಲೆ ತಗ್ಗಿಸಿದ, ನಾಲ್ಕನೇ ಕಮಾನು ಹಿಂದೆ ಸರಿಯಿತು. ತಲೆ ಎತ್ತಿದ. ದೂರದಲ್ಲಿ ಏನೋ ಕೆಂಪಗೆ ಕಂಡ ಹಾಗಾಯಿತು. ನಾನು ಪುಟದ ಕೊನೆಗೆ ಬಂದು ನಿಂತೆ, ಅವರು ಕೇಳಲಿ ಎಂದು.

ಅವರು ಕೇಳಲಿಲ್ಲ.

ನಾನು ಪುಸ್ತಕದಿಂದ ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಎತ್ತಿದಾಗ ಅವರು ದಿಂಬಿಗೆ ಮತ್ತೆ ಒರಗಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು. ಹುಬ್ಬುಗಳು ಮೇಲಕ್ಕೇರಿ, ತುಟಿ ಸ್ವಲ್ಪ ತೆರೆದಿತ್ತು. ಮುಖದಲ್ಲಿ ನೋವಿರಲಿಲ್ಲ, ಮುಂದೇನು ಎಂಬುದೊಂದೇ ಇತ್ತು. ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ವರ್ಷ ದಿನಾ ಹತ್ತು ಗಂಟೆಗೆ ಬಂದು ನನ್ನನ್ನು ಬೈಯುತ್ತಿದ್ದವರು ಇನ್ನು ಬರುವುದಿಲ್ಲ ಎಂಬ ದುಃಖ ಒಮ್ಮೆಲೇ ಉಕ್ಕಿ ಬಂತು.

ಗೋಡೆಯ ಆಚೆ ಕೂತವರಿಗೆ ಒಳಗಿನದು ಕಾಣುವಂತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರೋ ಎರಡು ಸಲ ಕೆಮ್ಮಿದರು. ಅನಂತರ ಕಿಟಕಿಯ ಕೆಳಗಿನಿಂದ ಕಾಂಪೌಂಡರ್ ಮರುಳಸಿದ್ದಪ್ಪನವರ ದನಿ ಬಂತು, ಮೆಲ್ಲಗೆ, ತಡೆಯಲಾರದೆ.

“ಆಮೇಲೆ?”

“ಆಮೇಲೇನಾಯ್ತವ್ವ?” ಎಂದಳು ಕೆಂಚಮ್ಮ.

ರೈಲು ಇನ್ನೂ ಐದನೇ ಕಮಾನಿನ ಮೇಲಿತ್ತು. ನಾನು ಆಂಡಾಳಮ್ಮನ ಕೈ ಬಿಡದೆ, ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, ಹೊರಗಿನವರಿಗೂ ಅವರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಮುಂದಿನ ಪುಟ ಓದತೊಡಗಿದೆ.